ಮನೆಯ ಆರೋಗ್ಯ: ಕೆಮ್ಮಿನ ಪೆಪ್ಪರ್‌ಮೆಂಟಿನಲ್ಲಿ ಸಕ್ಕರೆ ಎಷ್ಟು?

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯಿಂದ ಸೋದರಿಯೊಬ್ಬರು ಬರೆದ ಕಾಗದವು ಈ ತಿಂಗಳ ನಮ್ಮ ಲೇಖನಕ್ಕೆ ಕಾರಣವಾಗಿದೆ. ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಅವರು ಕೇಳಿಕೊಂಡಿರುವುದರಿಂದ ಕಾಗದದ ಸಾರಾಂಶವನ್ನು ಮಾತ್ರ ಇಲ್ಲಿ ಕೊಡುತ್ತೇವೆ.

"ನಮ್ಮ ಮಾವನವರಿಗೆ ಎಪ್ಪತ್ತು ವರ್ಷ ದಾಟಿದೆ. ಅವರಿಗೆ ಮಧುಮೇಹ ಕಾಣಿಸಿಕೊಂಡು ಎಂಟು ವರ್ಷಗಳಾದುವು. ಪಥ್ಯದಲ್ಲಿ ಬಹಳ ನಿಷ್ಠರು. ಮೊದಲು ದಿನಕ್ಕೆ ಎರಡು ಸಲ, ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಕುಡಿಯುತ್ತಿದ್ದವರು ಈಗ ಸಕ್ಕರೆಯ ಡಬ್ಬಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಧನುರ್ಮಾಸದಲ್ಲಿ ಗಣಪತಿಯ ಗುಡಿಯಲ್ಲಿ ಕೊಟ್ಟ ಸಿಹಿಪೊಂಗಲನ್ನು ಕಣ್ಣಿಗೊತ್ತಿಕೊಂಡು ಮೊಮ್ಮಗನ ಕೈಗೆ ಹಾಕಿಬಿಟ್ಟರು. ಹೀಗಿದ್ದೂ ಈಚೆಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಏರಿದೆ. 'ಕಾಫಿಗೆ ನೀನೇನಾದರೂ ಸಕ್ಕರೆ ಹಾಕುತ್ತಿರುವೆಯಾ?' ಎಂದು ಅತ್ತೆಯವರು ನನ್ನನ್ನೇ ಕೇಳಿದರು. ನಾನು ಹಾಕಿಲ್ಲ. ಆದರೆ ಮಾವನವರಿಗೆ ಎರಡು ತಿಂಗಳಿನಿಂದ ಒಣಕೆಮ್ಮು. ಅಂಗಡಿಯಿಂದ ಕೆಮ್ಮಿನ ಪೆಪ್ಪರ್‌ಮೆಂಟು ತಂದು ಜೇಬಿನಲ್ಲಿಟ್ಟುಕೊಂಡು, ದಿನಕ್ಕೆ ಎಂಟು ಹತ್ತರಂತೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಕೇಳಿದರೆ 'ಅದು ಔಷಧವಮ್ಮಾ, ತಿಂಡಿಯಲ್ಲ' ಎನ್ನುತ್ತಾರೆ. ಇದರಲ್ಲಿ ಸಕ್ಕರೆ ಇದೆಯೆ? ಇದ್ದರೆ ಎಷ್ಟು? ರಕ್ತದ ಒತ್ತಡಕ್ಕೆ ಹೊಸ ಮಾತ್ರೆಯೊಂದು ಶುರುವಾದ ಮೇಲೆ ಈ ಕೆಮ್ಮು ಬಂದಿತೆಂಬುದನ್ನೂ ತಿಳಿಸಿರುತ್ತೇನೆ."

ಈ ಪ್ರಶ್ನೆ ಒಂದು ಮನೆಯದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿಗೆ ಮಧುಮೇಹವುಂಟು. ಚಳಿಗಾಲದ ಕೆಮ್ಮಂತೂ ಯಾರನ್ನೂ ಬಿಡುವುದಿಲ್ಲ. ಇವೆರಡೂ ಒಂದೇ ಮನೆಯಲ್ಲಿ ಕೂಡಿದಾಗ ಈ ಸಂದೇಹವು ಹುಟ್ಟಲೇಬೇಕು. ಆದುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಮಾಡೋಣ.

ಮೊದಲು ಈ ಪೆಪ್ಪರ್‌ಮೆಂಟು ಹೇಗೆ ತಯಾರಾಗುತ್ತದೆಂಬುದನ್ನು ತಿಳಿಯಬೇಕು. ಕಡಲೆಬೀಜದ ಮಿಠಾಯಿ ಮಾಡಬಲ್ಲ ಗೃಹಿಣಿಗೆ ಇದನ್ನು ಹೇಳಿಕೊಡುವುದು ಕಷ್ಟವಲ್ಲ. ಪಾಕವು ಎಳೆಪಾಕವನ್ನು ದಾಟಿ, ಉಂಡೆಪಾಕವನ್ನು ದಾಟಿ, ತಣ್ಣೀರಿಗೆ ಬಿಟ್ಟ ಹನಿಯು ಗಾಜಿನಂತೆ ಮುರಿಯುವ ಹದಕ್ಕೆ ಬರುವುದಷ್ಟೆ. ಕಾರ್ಖಾನೆಯಲ್ಲಿಯೂ ಹೀಗೆಯೇ. ಸಕ್ಕರೆಯನ್ನೂ ಗ್ಲೂಕೋಸ್ ಪಾಕವನ್ನೂ ಕೂಡಿಸಿ, ಕುದಿಯುವ ನೀರಿಗಿಂತ ಬಹಳ ಹೆಚ್ಚಾದ ಕಾವಿನಲ್ಲಿ, ಅಂದರೆ 140ರಿಂದ 150 ಸೆಂಟಿಗ್ರೇಡ್ ಡಿಗ್ರಿಯವರೆಗೆ, ಕಾಯಿಸುತ್ತಾರೆ. ನೀರಿನ ಅಂಶವು ನೂರಕ್ಕೆ ಎರಡು ಮೂರು ಭಾಗ ಮಾತ್ರ ಉಳಿಯುತ್ತದೆ. ಆರುವ ಮೊದಲು ಪುದೀನದ ಸತ್ತ್ವವಾದ ಮೆಂಥಾಲ್, ನೀಲಗಿರಿ ಎಣ್ಣೆ, ಬಣ್ಣ, ವಾಸನೆ ಮುಂತಾದುವನ್ನು ಬೆರೆಸಿ ಅಚ್ಚಿಗೆ ಒತ್ತುತ್ತಾರೆ. ಹೀಗೆ ನೀರು ಹೋಗಿ ಉಳಿದುದೆಲ್ಲವೂ ಹೆಚ್ಚು ಕಡಮೆ ಸಕ್ಕರೆಯೇ.

ಇತಿಹಾಸವೂ ಇದನ್ನೇ ಹೇಳುತ್ತದೆ. ಅಮೆರಿಕಾದಲ್ಲಿ 19ನೆಯ ಶತಮಾನದಲ್ಲಿ ಕೆಮ್ಮಿನ ಪೆಪ್ಪರ್‌ಮೆಂಟನ್ನು ಹೆಸರುವಾಸಿ ಮಾಡಿದ ಸ್ಮಿತ್ ಸೋದರರ ತಂದೆಯು ಮಿಠಾಯಿ ಮಾಡುವವನಾಗಿದ್ದನು. ಸ್ವಿಟ್ಜರ್ಲೆಂಡಿನ ರಿಕೋಲಾ ಎಂಬ ಸಂಸ್ಥೆಯನ್ನು 1930ರಲ್ಲಿ ಸ್ಥಾಪಿಸಿದ ಎಮಿಲ್ ರಿಕ್ಟೆರಿಕ್ ಎಂಬಾತನೂ ಅದೇ ಕಸುಬಿನವನು. ಈ ಪದಾರ್ಥವು ಮಿಠಾಯಿಯ ಒಲೆಯ ಮೇಲೆ ಹುಟ್ಟಿ ತರುವಾಯ ಔಷಧದ ಅಂಗಡಿಯನ್ನು ಸೇರಿತೆಂದು ಹೇಳಬಹುದು.

ಹಾಗಾದರೆ ಔಷಧದ ಪ್ರಮಾಣವೆಷ್ಟು? ಗಂಟಲ ನೋವಿಗೆ ಚೀಪುವ ಸ್ಟ್ರೆಪ್ಸಿಲ್ಸ್ ಎಂಬ ಗುಳಿಗೆಯನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಅದರಲ್ಲಿರುವ ಎರಡು ಕ್ರಿಮಿನಾಶಕ ದ್ರವ್ಯಗಳ ತೂಕವು ಒಂದು 1.2 ಮಿಲಿಗ್ರಾಂ, ಇನ್ನೊಂದು 0.6 ಮಿಲಿಗ್ರಾಂ. ಎರಡೂ ಸೇರಿ ಎರಡು ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ಬ್ರಿಟನ್ನಿನಲ್ಲಿ ಮಾರುವ ಇದೇ ಗುಳಿಗೆಯ ವಿವರಪತ್ರದಲ್ಲಿ ಒಂದು ಗುಳಿಗೆಗೆ ಸುಮಾರು ಒಂದೂವರೆ ಗ್ರಾಂ ಸಕ್ಕರೆ, ಸುಮಾರು ಒಂದು ಗ್ರಾಂ ಗ್ಲೂಕೋಸ್ ಎಂದು ಕಾಣಿಸಿದ್ದಾರೆ. ಒಟ್ಟು ಎರಡೂವರೆ ಗ್ರಾಂ ಎಂದಾಯಿತು. ಎಂದರೆ 2500 ಮಿಲಿಗ್ರಾಂ ಸಿಹಿಗೆ ಎರಡು ಮಿಲಿಗ್ರಾಮಿಗೂ ಕಡಮೆಯಾದ ಔಷಧ. ಅಮೆರಿಕಾದಲ್ಲಿ ಮಾರುವ ಹಾಲ್ಸ್ ಎಂಬ ಪೆಪ್ಪರ್‌ಮೆಂಟಿನ ಚೀಟಿಯಲ್ಲಿ ಒಂದೊಂದಕ್ಕೆ 15 ಕ್ಯಾಲೊರಿ ಎಂದಿದೆ. ಒಂದು ಗ್ರಾಂ ಸಕ್ಕರೆಯಿಂದ ಬರುವುದು ನಾಲ್ಕು ಕ್ಯಾಲೊರಿಯಾದ್ದರಿಂದ ಅದರಲ್ಲಿ ನಾಲ್ಕು ಗ್ರಾಮಿಗೆ ಸಮೀಪವಾದ ಸಿಹಿಯಿದೆಯೆಂದು ಲೆಕ್ಕ ಸಿಕ್ಕುತ್ತದೆ. ಹೀಗೆ ಗಾತ್ರವನ್ನನುಸರಿಸಿ ಒಂದು ಪೆಪ್ಪರ್‌ಮೆಂಟಿನಲ್ಲಿ ಎರಡರಿಂದ ನಾಲ್ಕು ಗ್ರಾಂವರೆಗೆ ಸಕ್ಕರೆಯಿರುತ್ತದೆಂದು ಇಟ್ಟುಕೊಳ್ಳಬಹುದು.

ಈಗ ಕುರುಡುಮಲೆಯ ಹಿರಿಯರ ಲೆಕ್ಕವನ್ನು ನೋಡೋಣ. ಒಂದಕ್ಕೆ ಎರಡೂವರೆ ಗ್ರಾಮಿನಂತೆ ಹಿಡಿದರೂ ಹತ್ತಕ್ಕೆ 25 ಗ್ರಾಂ ಆಗುತ್ತದೆ. ಚಮಚಕ್ಕೆ ಐದು ಗ್ರಾಮಿನಂತೆ ಇದು ಐದು ಚಮಚ ಸಕ್ಕರೆ. ಕಾಫಿಯಲ್ಲಿ ಅವರು ತ್ಯಜಿಸಿದ್ದುದು ದಿನಕ್ಕೆ ನಾಲ್ಕು ಚಮಚ! ಮುಂಬಾಗಿಲಿನಿಂದ ಹೊರಕ್ಕೆ ಕಳುಹಿಸಿದ ಅತಿಥಿಯು ಹಿತ್ತಿಲ ಬಾಗಿಲಿನಿಂದ ತಮ್ಮನನ್ನೂ ಕರೆದುಕೊಂಡು ಒಳಗೆ ಬಂದಂತಾಯಿತು. ಇನ್ನೊಂದು ವಿಧವಾಗಿ ಹೇಳುವುದಾದರೆ, 25 ಗ್ರಾಂ ಶರ್ಕರಪಿಷ್ಟವು ಸುಮಾರು 37 ಗ್ರಾಂ ರಾಗಿಹಿಟ್ಟಿನಲ್ಲಿರುವಷ್ಟು. ಅಷ್ಟು ಹಿಟ್ಟಿನ ಪುಟ್ಟ ಮುದ್ದೆಯನ್ನು ಯಾರಾದರೂ ಎಲೆಗೆ ಹೆಚ್ಚಾಗಿ ಬಡಿಸಿದರೆ ಈ ಹಿರಿಯರು ಖಂಡಿತವಾಗಿ ಬೇಡವೆನ್ನುತ್ತಿದ್ದರು. ರಾಗಿಯಲ್ಲಾದರೋ ನಾರು, ಸುಣ್ಣದ ಅಂಶ ಮೊದಲಾದ ಗುಣಗಳುಂಟು. ಪೆಪ್ಪರ್‌ಮೆಂಟಿನಲ್ಲಿ ಬರಿಯ ಸಿಹಿಯ ಹೊರತು ಮತ್ತೇನೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಸಲಹೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳತಕ್ಕದ್ದು. ನಾವು ಆಹಾರಕ್ಕೆ ಸೇರಿಸುವ ಸಕ್ಕರೆ, ಬೆಲ್ಲ, ಜೇನುತುಪ್ಪ ಇವೆಲ್ಲದರಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಶಕ್ತಿಯಲ್ಲಿ ಹತ್ತನೆಯ ಒಂದು ಭಾಗವನ್ನು ಮೀರಕೂಡದು. ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಸಿದರೆ ಮತ್ತೂ ಲೇಸು ಎಂದು ಅದು ಹೇಳುತ್ತದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಈ ಎರಡನೆಯ ಮಿತಿಯು 25 ಗ್ರಾಂ. ಇದು ಆರೋಗ್ಯವಂತರಿಗೆ ಹೇಳಿದ ಮಿತಿ. ನಮ್ಮ ಹಿರಿಯರು ಅದನ್ನು ಪೂರ್ತಿಯಾಗಿ ಜೇಬಿನಲ್ಲಿಯೇ ಮುಗಿಸುತ್ತಿದ್ದಾರೆ.

ಇಷ್ಟು ಹೇಳಿದುದರಿಂದ ಒಂದು ಪೆಪ್ಪರ್‌ಮೆಂಟನ್ನು ಕಂಡರೆ ವಿಷವನ್ನು ಕಂಡಂತೆ ಹೆದರಬೇಕೆಂದು ಯಾರೂ ಭಾವಿಸಬಾರದು. ರಾತ್ರಿ ಕೆಮ್ಮು ಕೆರಳಿ ನಿದ್ರೆ ಬಾರದಾಗ ಒಂದನ್ನು ಚೀಪಿದರೆ ಮಧುಮೇಹಿಗೂ ದೊಡ್ಡ ಹಾನಿಯೇನಿಲ್ಲ. ದೋಷವಿರುವುದು ಲೆಕ್ಕವಿಲ್ಲದೆ ಚೀಪುವುದರಲ್ಲಿ. ಅಲ್ಲದೆ ಸಕ್ಕರೆ ಏರಿದುದಕ್ಕೆ ಇದೊಂದೇ ಕಾರಣವೆಂದು ನಾವು ತೀರ್ಪು ಕೊಡಲಾರೆವು. ನೆಗಡಿ, ಜ್ವರ, ಎದೆಯ ಸೋಂಕು ಇವುಗಳೂ ಮಧುಮೇಹಿಗಳ ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತವೆ. ಆದರೂ ಸೊಸೆಯ ಮೇಲೆ ಅನುಮಾನ ಪಡುವ ಮೊದಲು ಜೇಬನ್ನು ತಡಕಿ ನೋಡುವುದು ನ್ಯಾಯ.

ಕೊಳ್ಳುವಾಗಲೇ ಚೀಟಿಯನ್ನು ಓದಬಾರದೆ ಎಂದು ಕೆಲವರು ಕೇಳಬಹುದು. ಇಲ್ಲಿ ಒಂದು ತೊಡಕುಂಟು. ತಿಂಡಿಯೆಂದು ಮಾರುವ ಪೆಪ್ಪರ್‌ಮೆಂಟಿನ ಪೊಟ್ಟಣದ ಮೇಲೆ, 2020ರ ಆಹಾರ ಲೇಬಲ್ ನಿಯಮಗಳಂತೆ, ನೂರು ಗ್ರಾಮಿಗೆ ಶರ್ಕರಪಿಷ್ಟವೆಷ್ಟು, ಸಕ್ಕರೆಯೆಷ್ಟು, ಹೊರಗಿನಿಂದ ಸೇರಿಸಿದ ಸಕ್ಕರೆಯೆಷ್ಟು ಎಂಬುದನ್ನು ಕಾಣಿಸಬೇಕು. ಔಷಧವೆಂದು, ಅದರಲ್ಲಿಯೂ ಆಯುರ್ವೇದೀಯ ಔಷಧವೆಂದು ಮಾರುವ ಪೊಟ್ಟಣಗಳು ಬೇರೆ ಕಾನೂನಿಗೆ, ಎಂದರೆ 1940ರ ಔಷಧ ಕಾಯಿದೆಗೆ, ಒಳಪಟ್ಟಿವೆ. ಅವುಗಳ ಮೇಲೆ ಔಷಧಾಂಶಗಳ ತೂಕವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಬರೆದು, ಕೊನೆಗೆ ಸಕ್ಕರೆಯ ಹೆಸರಿನ ಮುಂದೆ 'ಕ್ಯೂ. ಎಸ್.' ಎಂಬ ಎರಡಕ್ಷರವನ್ನು ಹಾಕಿರುವುದನ್ನು ಕಾಣಬಹುದು. ಇದು ಲ್ಯಾಟಿನ್ ಮಾತಿನ ಸಂಕ್ಷೇಪ. 'ಬೇಕಾದಷ್ಟು' ಎಂದು ಅದರ ಅರ್ಥ. ಹತ್ತು ಮಿಲಿಗ್ರಾಮಿಗೆ ಲೆಕ್ಕ, ಎರಡು ಸಾವಿರ ಮಿಲಿಗ್ರಾಮಿಗೆ 'ಬೇಕಾದಷ್ಟು'!

ಇದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಸುಲಭೋಪಾಯವಿದೆ. ಪೊಟ್ಟಣದ ಮೇಲೆ ಒಟ್ಟು ತೂಕವನ್ನು ಬರೆದಿದ್ದರೆ ಅದನ್ನು ಒಳಗಿರುವ ಪೆಪ್ಪರ್‌ಮೆಂಟುಗಳ ಸಂಖ್ಯೆಯಿಂದ ಭಾಗಿಸಿ. ತೂಕವಿಲ್ಲದಿದ್ದರೆ ಪರಿಚಯದ ಅಕ್ಕಸಾಲಿಗನ ತಕ್ಕಡಿಯಲ್ಲಿ ಹತ್ತನ್ನು ಒಟ್ಟಿಗೆ ತೂಗಿಸಿ. ಬಂದ ತೂಕವೆಲ್ಲವೂ ಶರ್ಕರಪಿಷ್ಟವೆಂದೇ ತಿಳಿದರೆ ಲೆಕ್ಕವು ಬಹಳ ತಪ್ಪುವುದಿಲ್ಲ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಚೀಟಿಯಲ್ಲಿ 'ಸಕ್ಕರೆ' ಎಂಬ ಅಂಕೆಗಿಂತ 'ಕಾರ್ಬೋಹೈಡ್ರೇಟ್' ಎಂಬ ಅಂಕೆಯು ದೊಡ್ಡದಾಗಿರುವುದುಂಟು. ಗ್ಲೂಕೋಸ್ ಪಾಕದ ಒಂದು ಭಾಗವು ಸಕ್ಕರೆಯ ಲೆಕ್ಕಕ್ಕೆ ಸೇರದೆ ಶರ್ಕರಪಿಷ್ಟದ ಲೆಕ್ಕಕ್ಕೆ ಮಾತ್ರ ಸೇರುವುದೇ ಇದಕ್ಕೆ ಕಾರಣ. ಹೊಟ್ಟೆಗೆ ಹೋದ ಮೇಲೆ ಅದೂ ಬೇಗನೆ ಗ್ಲೂಕೋಸಾಗುತ್ತದೆ. ಆದುದರಿಂದ ಮಧುಮೇಹಿಗಳು ದೊಡ್ಡ ಅಂಕೆಯನ್ನೇ ನೋಡತಕ್ಕದ್ದು.

'ಸಕ್ಕರೆಯಿಲ್ಲದ' ಪೆಪ್ಪರ್‌ಮೆಂಟುಗಳೂ ಪೇಟೆಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಐಸೊಮಾಲ್ಟ್, ಸಾರ್ಬಿಟಾಲ್ ಮುಂತಾದ ಪದಾರ್ಥಗಳನ್ನು ಉಪಯೋಗಿಸುತ್ತಾರೆ. ಇವು ಪೂರ್ತಿಯಾಗಿ ಜೀರ್ಣವಾಗುವುದಿಲ್ಲವಾದ್ದರಿಂದ ರಕ್ತದ ಸಕ್ಕರೆಯನ್ನು ಕಡಮೆ ಏರಿಸುತ್ತವೆ. ಹಲ್ಲಿಗೂ ಇವುಗಳಿಂದ ಕೇಡು ಕಡಮೆ. ಆದರೆ ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಭೇದಿ ತಪ್ಪಿದ್ದಲ್ಲ. ಸಕ್ಕರೆಯಿಲ್ಲವೆಂದ ಮಾತ್ರಕ್ಕೆ ಮಿತಿಯೂ ಇಲ್ಲವೆಂದು ತಿಳಿಯಬಾರದು.

ಇನ್ನು ನಮ್ಮ ಮನೆಮದ್ದಿನ ವಿಚಾರ. ಪೇಟೆಯ ಪೆಪ್ಪರ್‌ಮೆಂಟು ಬೇಡ, ಜೇನುತುಪ್ಪದಲ್ಲಿ ಮೆಣಸಿನ ಪುಡಿ ಕಲಸಿ ಕೊಡುತ್ತೇವೆಂದು ಅಜ್ಜಿಯರು ಹೇಳುವರು. ಮದ್ದು ಒಳ್ಳೆಯದೇ, ಆದರೆ ಜೇನುತುಪ್ಪದಲ್ಲಿ ನೂರಕ್ಕೆ ಎಂಬತ್ತು ಭಾಗ ಸಕ್ಕರೆಯೇ. ಚಮಚಕ್ಕೆ ಐದಾರು ಗ್ರಾಂ ಆಗುತ್ತದೆ. ಶುಂಠಿಯ ಕಷಾಯಕ್ಕೆ ಹಾಕುವ ಬೆಲ್ಲವೂ, ಮೆಣಸಿನೊಡನೆ ಅಗಿಯುವ ಕಲ್ಲುಸಕ್ಕರೆಯೂ ಹೆಸರಿನಲ್ಲಿ ಬೇರೆಯಾದರೂ ರಕ್ತಕ್ಕೆ ಸೇರಿದ ಮೇಲೆ ಒಂದೇ. ಜೇಷ್ಠಮಧುವಿನ ಕಡ್ಡಿಯ ಸಿಹಿಯು ಸಕ್ಕರೆಯದಲ್ಲವೆಂಬುದು ನಿಜ. ಆದರೆ ಅದನ್ನು ಬಹುದಿನ ಸೇವಿಸಿದರೆ ರಕ್ತದ ಒತ್ತಡ ಏರುತ್ತದೆ. ಒತ್ತಡದ ರೋಗವುಳ್ಳವರು ಅದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಒಂದು ವರ್ಷ ತುಂಬದ ಶಿಶುವಿಗೆ ಜೇನುತುಪ್ಪವನ್ನು ನೆಕ್ಕಿಸಲೇಕೂಡದು. ಚಿಕ್ಕಮಕ್ಕಳಿಗೆ ಗಟ್ಟಿಯಾದ ಪೆಪ್ಪರ್‌ಮೆಂಟನ್ನು ಕೊಡುವುದೂ ಅಪಾಯ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಹಾಗಾದರೆ ಮಧುಮೇಹಿಯು ಕೆಮ್ಮಿಗೆ ಏನು ಮಾಡಬೇಕು? ಪೆಪ್ಪರ್‌ಮೆಂಟು ಕೆಮ್ಮಿನ ಮೂಲವನ್ನು ಕೀಳುವುದಿಲ್ಲವೆಂಬುದನ್ನು ಮೊದಲು ಮನಗಾಣಬೇಕು. ಅದನ್ನು ಚೀಪಿದಾಗ ಬಾಯಲ್ಲಿ ನೀರೂರಿ ಗಂಟಲು ನೆನೆಯುತ್ತದೆ. ಮೆಂಥಾಲಿನಿಂದ ತಂಪಿನ ಭಾವನೆ ಉಂಟಾಗುತ್ತದೆ. ಈ ಉಪಕಾರವನ್ನು ಬೇರೆ ರೀತಿಯಲ್ಲಿಯೂ ಪಡೆಯಬಹುದು. ಬಿಸಿನೀರನ್ನು ಗುಟುಕು ಗುಟುಕಾಗಿ ಆಗಾಗ್ಗೆ ಕುಡಿಯುವುದು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಒಂದು ಲವಂಗವನ್ನೋ ಏಲಕ್ಕಿಯನ್ನೋ ದವಡೆಯಲ್ಲಿಟ್ಟುಕೊಳ್ಳುವುದು, ಉಪ್ಪು ಸವರಿದ ಹಸಿಶುಂಠಿಯ ಚೂರನ್ನು ಅಗಿಯುವುದು, ಬೆಲ್ಲವಿಲ್ಲದ ತುಳಸಿ-ಜೀರಿಗೆಯ ಕಷಾಯ ಇವು ಖರ್ಚಿಲ್ಲದ ಉಪಾಯಗಳು. ಪೆಪ್ಪರ್‌ಮೆಂಟು ಬೇಕೇ ಬೇಕೆಂದರೆ ಬೆಳಗ್ಗೆಯೇ ಎರಡನ್ನು ಎಣಿಸಿ ಕೊಟ್ಟು ಉಳಿದುದನ್ನು ಬೀರುವಿನಲ್ಲಿಡಬೇಕು. ಮಲಗುವಾಗ ಬಾಯಲ್ಲಿಟ್ಟುಕೊಂಡೇ ನಿದ್ರೆಹೋಗುವ ಅಭ್ಯಾಸವು ಹಲ್ಲಿಗೂ ಪ್ರಾಣಕ್ಕೂ ಕೆಟ್ಟದ್ದು. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಹೊರಡುವ ಬೆಳಗ್ಗೆ ಒಂದನ್ನೂ ಬಾಯಿಗೆ ಹಾಕಕೂಡದು; ಹಾಕಿದರೆ ಅದು ಖಾಲಿ ಹೊಟ್ಟೆಯಲ್ಲ.

ಇದಕ್ಕೆ ವಿರುದ್ಧವಾದ ಸಂದರ್ಭವೊಂದುಂಟು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಮ್ಮೊಮ್ಮೆ ಸಕ್ಕರೆ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರುವುದು. ಆಗ ಜೇಬಿನ ಪೆಪ್ಪರ್‌ಮೆಂಟನ್ನು ನೆಚ್ಚಬಾರದು. ಅದು ಕರಗುವುದು ನಿಧಾನ. ಸಕ್ಕರೆಯಿಲ್ಲದ ಬಗೆಯದಾದರೆ ಪ್ರಯೋಜನವೇ ಇಲ್ಲ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಿ, ಕಾಲು ಗಂಟೆ ನೋಡಿ, ಬೇಕಾದರೆ ಮತ್ತೊಮ್ಮೆ ಕುಡಿಸಬೇಕು. ವೊಗ್ಲಿಬೋಸ್, ಅಕಾರ್ಬೋಸ್ ಎಂಬ ಮಾತ್ರೆಗಳನ್ನು ನುಂಗುವವರಿಗೆ ಸಕ್ಕರೆಯ ಬದಲು ಗ್ಲೂಕೋಸ್ ಪುಡಿಯನ್ನೇ ಕೊಡಬೇಕು. ಆ ಮಾತ್ರೆಗಳು ಸಕ್ಕರೆ ಜೀರ್ಣವಾಗುವುದನ್ನು ತಡೆಯುತ್ತವೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಕಡೆಯದಾಗಿ ಸೋದರಿಯವರ ಕಾಗದದ ಕೊನೆಯ ವಾಕ್ಯಕ್ಕೆ ಬರುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಕಾಗದದಲ್ಲಿ ಅದೇ ಮುಖ್ಯವಾದುದು. ರಕ್ತದ ಒತ್ತಡಕ್ಕೂ ಮಧುಮೇಹಿಗಳ ಮೂತ್ರಪಿಂಡಗಳ ರಕ್ಷಣೆಗೂ ವೈದ್ಯರು ಕೊಡುವ ಮಾತ್ರೆಗಳಲ್ಲಿ ಎನಾಲಪ್ರಿಲ್, ರಾಮಿಪ್ರಿಲ್ ಮೊದಲಾದ ಒಂದು ವರ್ಗವುಂಟು. ಒಳ್ಳೆಯ ಔಷಧಗಳೇ, ಆದರೆ ಸೇವಿಸುವ ನೂರು ಜನರಲ್ಲಿ ಐದರಿಂದ ಇಪ್ಪತ್ತು ಜನಕ್ಕೆ ಇವುಗಳಿಂದ ಕಫವಿಲ್ಲದ ಒಣಕೆಮ್ಮು ಹುಟ್ಟುತ್ತದೆ. ಮಾತ್ರೆ ಶುರುವಾದ ಕೆಲವು ವಾರಗಳಿಗೋ ತಿಂಗಳುಗಳಿಗೋ ಇದು ಕಾಣಿಸಿಕೊಳ್ಳುವುದು. ಎಷ್ಟು ಪೆಪ್ಪರ್‌ಮೆಂಟು ಚೀಪಿದರೂ ಈ ಕೆಮ್ಮು ನಿಲ್ಲದು. ಮಾತ್ರೆಯನ್ನು ಬದಲಾಯಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಲೊಸಾರ್ಟನ್, ಟೆಲ್ಮಿಸಾರ್ಟನ್ ಮೊದಲಾದ ಬೇರೆ ವರ್ಗದ ಮಾತ್ರೆಗಳು ಇದಕ್ಕಾಗಿಯೇ ಒದಗುತ್ತವೆ. ಆದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಬರೆದುಕೊಟ್ಟ ವೈದ್ಯರಲ್ಲಿಗೆ ಹೋಗಿ, "ಕೆಮ್ಮು ಇದರಿಂದಲೇ ಬಂದಿರಬಹುದೆ?" ಎಂದು ಕೇಳತಕ್ಕದ್ದು.

ಅದರೊಡನೆ ಕಫದ ಪರೀಕ್ಷೆಯೂ ಆಗಲಿ. ಎರಡು ವಾರಕ್ಕೆ ಮೀರಿದ ಕೆಮ್ಮು ಯಾರದಾದರೂ ಕ್ಷಯದ ಪರೀಕ್ಷೆಗೆ ಯೋಗ್ಯವಾದುದು. ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಮಧುಮೇಹಿಗಳಿಗೆ ಕ್ಷಯ ತಗಲುವ ಸಂಭವವು ಇತರರಿಗಿಂತ ಎರಡು ಮೂರು ಪಾಲು ಹೆಚ್ಚು. ಕೋಲಾರ ಜಿಲ್ಲೆಯ ವಾಚಕರಿಗೆ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಅಲ್ಲಿಯ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಆದರೆ ನೆಲದೊಳಗೆ ದುಡಿದವರ ಎದೆಗೆ ಸೇರಿದ ಕಲ್ಲಿನ ಧೂಳು ಗಣಿಯೊಡನೆ ಮುಚ್ಚಿಹೋಗಲಿಲ್ಲ. ಅಂಥ ಹಿರಿಯರು ಮನೆಯಲ್ಲಿದ್ದರೆ ಅವರ ಕೆಮ್ಮನ್ನು ಪೆಪ್ಪರ್‌ಮೆಂಟಿನಿಂದ ಮರೆಸಿ ಕಾಲ ಕಳೆಯಬಾರದು.

ಕುರುಡುಮಲೆಯ ಸೋದರಿಗೆ ನಮ್ಮ ಉತ್ತರವು ಇಷ್ಟು. ನಿಮ್ಮ ಕೈಯಿಂದ ತಪ್ಪಾಗಿಲ್ಲ. ಈ ಸಂಚಿಕೆಯನ್ನು ಅತ್ತೆಯವರಿಗೂ ಓದಿ ಹೇಳಿ. ಮಾವನವರ ಜೇಬನ್ನು ಜಗಳವಿಲ್ಲದೆ ಬರಿದು ಮಾಡಿ, ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಗುಡಿಯ ಪ್ರಸಾದವನ್ನು ಮೊಮ್ಮಗನಿಗೆ ಕೊಟ್ಟುಬಿಡುವಷ್ಟು ಮನೋನಿಗ್ರಹವುಳ್ಳವರು ಲೆಕ್ಕ ತಿಳಿದ ಮೇಲೆ ಪೆಪ್ಪರ್‌ಮೆಂಟನ್ನೂ ಬಿಡಬಲ್ಲರು. ಸಕ್ಕರೆಯು ಹತೋಟಿಗೆ ಬಂದ ಮೇಲೆ, ವೈದ್ಯರು ಒಪ್ಪಿದರೆ, ಮುಂದಿನ ಚೌತಿಯ ದಿನ ಊಟದಲ್ಲಿ ಮುದ್ದೆಯನ್ನೋ ಅನ್ನವನ್ನೋ ಅಷ್ಟಕ್ಕೆ ಕಡಮೆ ಮಾಡಿ ಒಂದು ಕಡುಬನ್ನು ಅವರ ಎಲೆಗೆ ನೀವೇ ಬಡಿಸಿ. ಎಣಿಸದೆ ಚೀಪಿದ ಹತ್ತು ಪೆಪ್ಪರ್‌ಮೆಂಟಿಗಿಂತ ಎಣಿಸಿ ತಿಂದ ಒಂದು ಕಡುಬು ಮೈಗೂ ಮನಸ್ಸಿಗೂ ಹಿತವಾದುದು.